ಪತ್ತೆಯಾಗಿಲ್ಲ ಎಂಬ ಮಾತು

ಕಳೆದ ಬೇಸಿಗೆಯಲ್ಲಿ ಕೆಸರೆಯ ನಮ್ಮ ಬೀದಿಗೆ ವಾಟರ್ ಫಿಲ್ಟರ್ ಮಾರುವ ಹುಡುಗನೊಬ್ಬ ಬಂದಿದ್ದ. ಅವನ ಬ್ಯಾಗಿನಲ್ಲಿ ಎರಡು ಗಾಜಿನ ಲೋಟ, ಒಂದು ಪ್ಲಗ್ಗು, ಪ್ಲಗ್ಗಿಗೆ ಜೋಡಿಸಿದ ನಾಲ್ಕು ಲೋಹದ ಕಡ್ಡಿ. ನಾನು ಬಾಡಿಗೆಗಿರುವ ಮನೆಯ ಓನರ್ ಅಜ್ಜಿ ಜಗಲಿಯಲ್ಲಿ ಕೂತಿದ್ದರು. ಹುಡುಗ ಒಂದು ಲೋಟಕ್ಕೆ ಅವರ ಮನೆಯ ನಲ್ಲಿ ನೀರು, ಇನ್ನೊಂದಕ್ಕೆ ತಾನು ತಂದ ಫಿಲ್ಟರ್ ನೀರು ಹಾಕಿ, ಕಡ್ಡಿಗಳನ್ನು ಅದ್ದಿ ಸ್ವಿಚ್ ಒತ್ತಿದ. ಒಂದೆರಡು ನಿಮಿಷದಲ್ಲಿ ಅಜ್ಜಿಯ ನೀರು ಕಂದು ಬಣ್ಣಕ್ಕೆ ತಿರುಗಿತು, ಮೇಲೆ ಗಸಿಯಂಥದ್ದೇನೋ ತೇಲಿತು. ಅವನ ನೀರು ಮಾತ್ರ ತಿಳಿಯಾಗಿಯೇ ಉಳಿಯಿತು. "ನೋಡಿ ಅಜ್ಜಿ, ಇದೆಲ್ಲ ಹೆವಿ ಮೆಟಲ್ಲು. ಇದನ್ನೇ ನಿಮ್ಮ ಮೊಮ್ಮಕ್ಕಳು ಕುಡೀತಿರೋದು" ಅಂದ.

ಅಜ್ಜಿಯ ಮಗಳು ಬಾಣಂತನಕ್ಕೆ ಬಂದಿದ್ದರು. ಮನೆಯಲ್ಲಿ ಎಳೆಗೂಸು ಒಂದು, ಎರಡು ವರ್ಷದ ತುಂಟ ಇನ್ನೊಂದು. ಅಜ್ಜಿಗೆ ಗಾಬರಿಯಾಗದೆ ಇರುತ್ತದೆಯೇ? ಸಂಜೆ ನಾನು ಪ್ರಯೋಗಾಲಯದಿಂದ ಬಂದು ಮೆಟ್ಟಿಲು ಹತ್ತುವಷ್ಟರಲ್ಲಿ ಕರೆದರು. "ನೀನು ನೀರಲ್ಲಿ ಲೋಹ ಹುಡುಕೋ ಓದು ಓದ್ತಿದೀಯಲ್ಲ, ಇದೇನು ಹೇಳು ಮಗ."

ನನಗೆ ಒಳಗೊಳಗೇ ಖುಷಿಯಾಯಿತು. ಅದೊಂದು ಹಳೆಯ ಮೋಸ. ಕಂದು ಬಣ್ಣ ಬರುವುದು ಕಡ್ಡಿಯಲ್ಲಿರುವ ಕಬ್ಬಿಣದಿಂದಲೇ. ವಿದ್ಯುತ್ ಹರಿದಾಗ ಕಬ್ಬಿಣ ಕರಗಿ, ತುಕ್ಕಾಗಿ ತೇಲುತ್ತದೆ. ವಿದ್ಯುತ್ ಹರಿಯಬೇಕಾದರೆ ನೀರಿನಲ್ಲಿ ಒಂದಷ್ಟು ಲವಣ ಇರಬೇಕು. ನಲ್ಲಿ ನೀರಿನಲ್ಲಿ ಅದು ಸಹಜವಾಗಿಯೇ ಇರುತ್ತದೆ, ಫಿಲ್ಟರ್ ನೀರಿನಲ್ಲಿ ಬಹುಪಾಲು ತೆಗೆದಿರುತ್ತಾರೆ. ಆ ಫಿಲ್ಟರ್ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿದ್ದರೆ ಅದೂ ಕಂದಾಗುತ್ತಿತ್ತು. ಇದನ್ನೆಲ್ಲ ಅಜ್ಜಿಗೆ ಸಾವಧಾನವಾಗಿ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಸರಿ, ಅವನು ಹೇಳಿದ್ದು ಸುಳ್ಳು ಅಂತಲೇ ಇಟ್ಕೊಳಣ. ಹಂಗಂದ್ರೆ ನಮ್ಮ ನೀರಲ್ಲಿ ಏನೂ ಇಲ್ಲ ಅಂತಾಯ್ತಾ?" ಎಂದರು.

ನಾನು ಬಾಯಿ ಮುಚ್ಚಿಕೊಂಡೆ. ಸುಳ್ಳು ಸಾಕ್ಷಿಯನ್ನು ಹೊಡೆದುಹಾಕಿದ ಮಾತ್ರಕ್ಕೆ ಅದರ ವಿರುದ್ಧದ ಮಾತು ಸತ್ಯವಾಗುವುದಿಲ್ಲ. ತರ್ಕಶಾಸ್ತ್ರದ ಈ ಮೊದಲ ಪಾಠವನ್ನು ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಅಜ್ಜಿ ನನಗೆ ಮಾಡಿದ್ದರು. "ನಾಳೆ ನೋಡ್ತೀನಿ ಅಜ್ಜಿ" ಎಂದೆ. ಅಲ್ಲಿಂದ ಶುರುವಾದ ತೊಳಲಾಟದ ಲೆಕ್ಕ ಈ ಬರಹ.

ನನ್ನ ಪಿಎಚ್.ಡಿ. ವಿಷಯದ ಹೆಸರು ಉದ್ದವಾಗಿದೆ. ಸರಳವಾಗಿ ಹೇಳುವುದಾದರೆ, ವಿದ್ಯುದ್ವಾರದ ಮೇಲೆ ವಿದ್ಯುತ್ತಿನಿಂದ ಹುಟ್ಟುವ ಬೆಳಕನ್ನು ಬಳಸಿ ನೀರಿನಲ್ಲಿರುವ ಅತ್ಯಲ್ಪ ಲೋಹದ ಅಯಾನುಗಳನ್ನು ಪತ್ತೆಹಚ್ಚುವುದು. ಎಲ್ಲೋ ಕೇಳದ ವಿಷಯ ಅನ್ನಿಸಬಹುದು. ಆದರೆ ಥೈರಾಯ್ಡ್ ಪರೀಕ್ಷೆಯ ವರದಿ ಮನೆಯಲ್ಲಿದ್ದರೆ ತೆಗೆದು ನೋಡಿ. ಟಿಎಸ್‌ಎಚ್ ಎಂಬ ಸಾಲಿನ ಪಕ್ಕ 'ಇಸಿಎಲ್‌ಐಎ' ಎಂಬ ಅಕ್ಷರಗಳು ಇರುವ ಸಾಧ್ಯತೆ ಸಾಕಷ್ಟಿದೆ. ಅದೂ ಇದೇ ಬೆಳಕು. ನಿಮ್ಮ ರಕ್ತದ ಒಂದು ಹನಿ ಯಾವುದೋ ಯಂತ್ರದ ಕತ್ತಲೆಯಲ್ಲಿ ಒಂದು ಕ್ಷಣ ಮಿನುಗಿದೆ, ಆ ಮಿನುಗನ್ನು ಅಳೆದು ವೈದ್ಯರು ನಿಮ್ಮ ಮಾತ್ರೆಯ ಪ್ರಮಾಣ ತೀರ್ಮಾನಿಸಿದ್ದಾರೆ.

ಬೆಳಕು ಹೇಗೆ ಹುಟ್ಟುತ್ತದೆ ಎಂದರೆ ಹೀಗೆ. ದ್ರಾವಣದಲ್ಲಿ ರುಥೇನಿಯಂ ಎಂಬ ಲೋಹದ ಒಂದು ಸಂಯುಕ್ತ, ಜೊತೆಗೆ ಒಂದು ಅಮೀನ್ ಇರುತ್ತವೆ. ಟಾರ್ಚ್ ಸೆಲ್ಲಿಗಿಂತ ಕಡಿಮೆ ವೋಲ್ಟೇಜ್ ಕೊಟ್ಟರೆ ಸಾಕು, ಎರಡೂ ವಿದ್ಯುದ್ವಾರಕ್ಕೆ ತಮ್ಮ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತವೆ. ಎಲೆಕ್ಟ್ರಾನ್ ಕಳೆದುಕೊಂಡ ಅಮೀನು ಒಡೆದು, ಅದರ ಚೂರು ರುಥೇನಿಯಂಗೆ ಇನ್ನೊಂದು ಎಲೆಕ್ಟ್ರಾನನ್ನು ಬಲವಂತವಾಗಿ ತುರುಕುತ್ತದೆ. ಅದರ ಜೊತೆ ಬಂದ ಹೆಚ್ಚುವರಿ ಶಕ್ತಿಯನ್ನು ರುಥೇನಿಯಂ ಇಟ್ಟುಕೊಳ್ಳಲಾರದು, ಕಿತ್ತಳೆಗೆಂಪು ಬೆಳಕಾಗಿ ಹೊರಗೆಸೆಯುತ್ತದೆ. ಇಷ್ಟೇ.

ಈ ವಿದ್ಯಮಾನಕ್ಕೆ ನೂರು ವರ್ಷದ ಹತ್ತಿರ ವಯಸ್ಸಾಗಿದೆ. ಮಿಣುಕುಹುಳುಗಳ ಬೆಳಕನ್ನು ಜೀವಮಾನವಿಡೀ ಅಭ್ಯಾಸ ಮಾಡಿದ ನ್ಯೂಟನ್ ಹಾರ್ವೆ ಎಂಬ ಅಮೆರಿಕದ ವಿಜ್ಞಾನಿ 1929ರಲ್ಲಿ ಲುಮಿನಾಲ್ ದ್ರಾವಣಕ್ಕೆ ವಿದ್ಯುತ್ ಹಾಯಿಸಿ ವಿದ್ಯುದ್ವಾರ ಹೊಳೆಯುವುದನ್ನು ವರದಿ ಮಾಡಿದ್ದರು. 1985ರಲ್ಲಿ ಫಿನ್ಲೆಂಡಿನ ಸಂಶೋಧಕರು ತೆಳುವಾದ ಆಕ್ಸೈಡ್ ಪದರ ಹೊತ್ತ ಅಲ್ಯೂಮಿನಿಯಂ ವಿದ್ಯುದ್ವಾರದಿಂದಲೇ ನೀರಿನಲ್ಲಿರುವ ಅತ್ಯಲ್ಪ ಲೋಹಗಳನ್ನು ಹೀಗೆ ಅಳೆಯಬಹುದೆಂದು ತೋರಿಸಿದರು. ನಮ್ಮ ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಯ ಮೈಮೇಲೂ ಅಂಥದ್ದೇ ಒಂದು ಪದರ ಇರುತ್ತದೆ.

ಈ ವಿಧಾನದ ಬಲ ಇರುವುದು ಕತ್ತಲೆಯಲ್ಲಿ. ಬೇರೆ ಎಷ್ಟೋ ವಿಧಾನಗಳಲ್ಲಿ ಹೊರಗಿನಿಂದ ದೀಪ ಹಾಕಿ, ಅದರ ಪ್ರತಿಫಲನದ ನಡುವೆ ಮಾದರಿಯ ಬೆಳಕನ್ನು ಹುಡುಕಬೇಕು. ಅದು ಟಾರ್ಚ್ ಬಿಟ್ಟು ಮಿಣುಕುಹುಳು ಹುಡುಕಿದಂತೆ. ಇಲ್ಲಿ ಹೊರಗಿನ ದೀಪವೇ ಇಲ್ಲ. ಕಪ್ಪು ಪೆಟ್ಟಿಗೆಯೊಳಗೆ, ಅಮಾವಾಸ್ಯೆಯ ಹಾಗಿರುವ ಕತ್ತಲೆಯಲ್ಲಿ ಯಾವುದಾದರೂ ಬೆಳಕು ಕಂಡರೆ ಅದು ವಿದ್ಯುದ್ವಾರದ್ದೇ. ನಾನು ಹುಡುಕುವುದು ಸೀಸವನ್ನು. ಗ್ವಾನಿನ್ ಹೆಚ್ಚಿರುವ ಒಂದು ತುಂಡು ಡಿಎನ್‌ಎ ಸೀಸದ ಅಯಾನು ಸಿಕ್ಕಿದರೆ ಅದನ್ನು ನಡುವೆ ಹಿಡಿದು ಮಡಚಿಕೊಳ್ಳುತ್ತದೆ. ಅದರ ತುದಿಗೆ ರುಥೇನಿಯಂ ಕಟ್ಟಿರುತ್ತೇವೆ. ಮಡಚಿಕೊಂಡಾಗ ರುಥೇನಿಯಂ ವಿದ್ಯುದ್ವಾರಕ್ಕೆ ಹತ್ತಿರವಾಗಿ ಬೆಳಕು ಹೆಚ್ಚುತ್ತದೆ.

ಎಷ್ಟು ಸೀಸ? ಭಾರತೀಯ ಮಾನಕ ಬ್ಯೂರೋದ 2012ರ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ ಸೀಸ ಮೀರಬಾರದು. ತಾರಸಿಯ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕಿಗೆ ಲೆಕ್ಕ ಹಾಕಿದರೆ 10 ಮಿಲಿಗ್ರಾಂ, ಹೆಚ್ಚುಕಡಿಮೆ ಒಂದು ಸಣ್ಣ ಅಕ್ಕಿಕಾಳಿನ ತೂಕ.

ಅಜ್ಜಿ ತಂಪು ಪಾನೀಯದ ಬಾಟಲಿಯಲ್ಲಿ ನೀರು ತುಂಬಿ ಕೊಟ್ಟಿದ್ದರು. ಅದನ್ನು ಬದಿಗಿಟ್ಟು, ನೈಟ್ರಿಕ್ ಆಮ್ಲದಲ್ಲಿ ತೊಳೆದ ಬಾಟಲಿಗಳಲ್ಲಿ ನಾನೇ ಎರಡು ಮಾದರಿ ಹಿಡಿದೆ. ಒಂದು, ಬೆಳಗಿನ ಜಾವ ಯಾರೂ ನಲ್ಲಿ ಮುಟ್ಟುವ ಮೊದಲು ಬಂದ ನೀರು. ಇನ್ನೊಂದು, ಐದು ನಿಮಿಷ ನಲ್ಲಿ ಬಿಟ್ಟ ಮೇಲೆ ಬಂದ ನೀರು. ಆ ಮನೆಯ ಅಡುಗೆಮನೆಯ ನಲ್ಲಿ ಹಳೆಯ ಹಿತ್ತಾಳೆಯದು, ಟ್ಯಾಂಕಿನಿಂದ ಇಳಿಯುವ ಪೈಪು ಹಳೆಯ ಪಿವಿಸಿ. ಹಿತ್ತಾಳೆಯನ್ನು ಕಡೆಯಲು ಸುಲಭವಾಗಲೆಂದು ಸ್ವಲ್ಪ ಸೀಸ ಬೆರೆಸುವ ರೂಢಿ ಹಿಂದಿನಿಂದ ಇದೆ. ಪಿವಿಸಿ ಪೈಪು ಗಟ್ಟಿಯಾಗಿ ಬಾಳಲೆಂದು ಸೀಸದ ಸಂಯುಕ್ತ ಸೇರಿಸುತ್ತಿದ್ದರು. ಅದನ್ನು ಕೈಬಿಡಿಸುವ ನಿಯಮವನ್ನು ಕೇಂದ್ರ ಸರ್ಕಾರ ತಂದದ್ದು 2021ರಲ್ಲಿ. ರಾತ್ರಿಯಿಡೀ ಪೈಪಿನಲ್ಲಿ, ನಲ್ಲಿಯ ಕೊರಳಲ್ಲಿ ನಿಂತ ನೀರು ಅವುಗಳಿಂದ ಒಂದಿಷ್ಟನ್ನು ಎತ್ತಿಕೊಳ್ಳಬಹುದು.

ಮೊದಲ ಮಾದರಿ ಮಿನುಗಿತು, ಎರಡನೆಯದು ಮಿನುಗಲಿಲ್ಲ.

ಇನ್ನೂ ನಿಖರವಾಗಿ ಹೇಳಬೇಕು. ನಮ್ಮ ಪೆಟ್ಟಿಗೆಯಲ್ಲಿ ಪೂರ್ತಿ ಕತ್ತಲೆ ಎಂಬುದೇ ಇಲ್ಲ. ಸೀಸವೇ ಇಲ್ಲದ ಶುದ್ಧ ನೀರಿಟ್ಟರೂ ಅಳೆಯುವ ಯಂತ್ರ ಏನೋ ಒಂದು ಅಂಕಿ ತೋರಿಸುತ್ತದೆ. ಅದಕ್ಕೆ ಬ್ಲ್ಯಾಂಕ್ ಅನ್ನುತ್ತೇವೆ. ಪ್ರತಿ ಸಲ ಅಳೆದಾಗಲೂ ಅದು ಸ್ವಲ್ಪ ಮೇಲೆ ಕೆಳಗೆ ತೂಗಾಡುತ್ತದೆ. ಮಾದರಿಯ ಬೆಳಕು ಆ ತೂಗಾಟದ ಮೂರು ಪಟ್ಟಿಗಿಂತ ಮೇಲೆ ಬಂದರೆ ಮಾತ್ರ 'ಇದೆ' ಎನ್ನಬೇಕು ಎಂಬುದು ರಸಾಯನಶಾಸ್ತ್ರಜ್ಞರ ವಾಡಿಕೆ. ಆ ಗಡಿಯೇ ಪತ್ತೆಮಿತಿ. ಅದರ ಕೆಳಗೆ ಏನಿದ್ದರೂ ವರದಿಯಲ್ಲಿ ಬರೆಯುವುದು 'ಪತ್ತೆಯಾಗಿಲ್ಲ' ಎಂದು. ನನ್ನ ಲೆಕ್ಕದಲ್ಲಿ ಮೊದಲ ಮಾದರಿಯಲ್ಲಿ ಲೀಟರಿಗೆ ಸುಮಾರು 6 ಮೈಕ್ರೋಗ್ರಾಂ ಸೀಸ ಇತ್ತು. ಎರಡನೆಯದು ಬ್ಲ್ಯಾಂಕಿನಲ್ಲಿ ಮುಳುಗಿಹೋಗಿತ್ತು.

ಬ್ಲ್ಯಾಂಕಿನ ಬಗ್ಗೆ ನಮ್ಮ ಕ್ಷೇತ್ರದವರೆಲ್ಲ ನೆನೆಯುವ ಹೆಸರು ಕ್ಲೇರ್ ಪ್ಯಾಟರ್ಸನ್ ಅವರದು. ಉಲ್ಕಾಶಿಲೆಯ ಸೀಸ ಅಳೆದು ಭೂಮಿಯ ವಯಸ್ಸು ಹೇಳಲು ಹೊರಟ ಅವರಿಗೆ ಎಲ್ಲಿ ನೋಡಿದರೂ ಇರಬೇಕಾದ್ದಕ್ಕಿಂತ ಹೆಚ್ಚು ಸೀಸ ಸಿಗುತ್ತಿತ್ತು. ಹುಡುಕುತ್ತ ಹೋದರೆ ಅದು ಪ್ರಯೋಗಾಲಯದ ಗಾಳಿಯಲ್ಲಿ, ಗಾಜಿನಲ್ಲಿ, ರಾಸಾಯನಿಕಗಳಲ್ಲಿ, ತಮ್ಮ ಮೈಮೇಲೇ ಇತ್ತು. ವರ್ಷಗಟ್ಟಲೆ ಕೋಣೆ ತೊಳೆದು ತೊಳೆದು, ಕೊನೆಗೆ 1956ರಲ್ಲಿ ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದು ಪ್ರಕಟಿಸಿದರು. ಆದರೆ ತೊಳೆದ ಸೀಸ ಅವರನ್ನು ಬಿಡಲಿಲ್ಲ. ಗಾಳಿಗೆ ಅದು ಎಲ್ಲಿಂದ ಬಂತು ಎಂದು ಕೇಳಿ, ಪೆಟ್ರೋಲಿಗೆ ಸೀಸ ಬೆರೆಸುವುದರ ವಿರುದ್ಧ ದಶಕಗಳ ಕಾಲ ಹೋರಾಡಿದರು. ಭಾರತದಲ್ಲಿ ಸೀಸದ ಪೆಟ್ರೋಲು ನಿಂತದ್ದು 2000ದಲ್ಲಿ, ನಾನು ಇನ್ನೂ ಶಾಲೆಗೆ ಸೇರಿರದಿದ್ದಾಗ. ಅಡ್ಡಿಯೆಂದು ಒರೆಸಿಹಾಕಿದ ಕೊಳೆಯೇ ನಿಜವಾದ ಸುದ್ದಿಯಾಗಿರಬಹುದು ಎಂದು ಪ್ಯಾಟರ್ಸನ್ ಅವರಿಗೆ ಹೊಳೆಯಿತು. ನನ್ನ ಅಂಕಿಯನ್ನು ನೋಡುತ್ತ ನನಗೆ ಕಾಡಿದ್ದು ಇದರ ಉಲ್ಟಾ ಪ್ರಶ್ನೆ: ಸುದ್ದಿ ಎಂದು ನಾನು ಹಿಡಿದಿರುವುದು ಬರೀ ಕೊಳೆಯಾಗಿದ್ದರೆ?

ಮಾರ್ಗದರ್ಶಕರ ಬಳಿ ಹೋದೆ. ಅವರು ನನ್ನ ಗ್ರಾಫನ್ನು ಬಹಳ ಹೊತ್ತು ನೋಡಿದರು. "ಪೊಟ್ಯಾಸಿಯಂ ಇದ್ದರೂ ಈ ಡಿಎನ್‌ಎ ಮಡಚಿಕೊಳ್ಳುತ್ತದೆ, ಗೊತ್ತಿದೆಯಲ್ಲ?" ಎಂದರು. ಗೊತ್ತಿತ್ತು. ಒಂದೇ ಮನೆಯ ಎರಡು ಮಾದರಿಗಳಲ್ಲೂ ಪೊಟ್ಯಾಸಿಯಂ ಒಂದೇ ಸಮ ಇರಬೇಕು, ಹಾಗಾಗಿ ಈ ವ್ಯತ್ಯಾಸ ಅದರದ್ದಲ್ಲ ಎಂದು ವಾದಿಸಿದೆ. ಅವರು ತಲೆಯಾಡಿಸಿದರು. "ವಾದ ಚೆನ್ನಾಗಿದೆ. ಆದರೆ ನಿನ್ನ ಸೆನ್ಸರನ್ನು ಇನ್ನೂ ಯಾವ ಪ್ರಮಾಣಿತ ವಿಧಾನದ ಜೊತೆಗೂ ಹೋಲಿಸಿ ನೋಡಿಲ್ಲ. ಮೂರು ಸಲ ಅಳೆದಿದ್ದೀಯ. ಈ ಅಂಕಿಯನ್ನು ಒಂದು ಬಾಣಂತಿ ಮನೆಗೆ ತೆಗೆದುಕೊಂಡು ಹೋದರೆ, ಆ ಫಿಲ್ಟರ್ ಮಾರುವವನಿಗೂ ನಿನಗೂ ಏನು ವ್ಯತ್ಯಾಸ?"

ಈ ಮಾತಿಗೆ ಅವತ್ತು ನನ್ನಲ್ಲಿ ಉತ್ತರವಿರಲಿಲ್ಲ. ಇವತ್ತೂ ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ವಿಜ್ಞಾನಿಯ ಸಂಯಮ ಎಂಬುದು ಬರೀ ಪುಕ್ಕಲುತನವಲ್ಲ. ಒಂದು ಲೋಹದ ಅಂಕಿ ಎಂಥ ಗದ್ದಲ ಎಬ್ಬಿಸಬಲ್ಲದು ಎಂಬುದನ್ನು ನನ್ನ ಪೀಳಿಗೆ ಕಣ್ಣಾರೆ ನೋಡಿದೆ. 2015ರಲ್ಲಿ ಮ್ಯಾಗಿಯ ಒಂದು ಮಾದರಿಯಲ್ಲಿ 17.2 ಪಿಪಿಎಂ ಸೀಸ ಇದೆ ಎಂದು ಕೋಲ್ಕತ್ತದ ಪ್ರಯೋಗಾಲಯ ಹೇಳಿತು. ಅನುಮತಿ ಇದ್ದದ್ದು 2.5ಕ್ಕೆ. ದೇಶವಿಡೀ ನಿಷೇಧ, ಟನ್ನುಗಟ್ಟಲೆ ನೂಡಲ್ಸ್ ನಾಶ, ನ್ಯಾಯಾಲಯಗಳು. ಕೊನೆಗೆ ಸುಪ್ರೀಂ ಕೋರ್ಟು ಮಾದರಿಗಳನ್ನು ಕಳಿಸಿದ್ದು ನಮ್ಮ ಮೈಸೂರಿಗೇ, ಚೆಲುವಾಂಬ ಮ್ಯಾನ್ಷನ್ನಿನಲ್ಲಿರುವ ಸಿಎಫ್‌ಟಿಆರ್‌ಐಗೆ. ಇಲ್ಲಿಯ ಪರೀಕ್ಷೆಯಲ್ಲಿ ಸೀಸ ಮಿತಿಯೊಳಗೇ ಇತ್ತು. ಮಾದರಿಗಳು ಬೇರೆ, ಸಮಯ ಬೇರೆ, ಆದ್ದರಿಂದ ಯಾರು ಸರಿ ಎಂದು ನಾನು ತೀರ್ಪು ಕೊಡಲು ಹೋಗುವುದಿಲ್ಲ. ಒಂದು ಅಂಕಿ ಪ್ರಯೋಗಾಲಯದ ಬಾಗಿಲು ದಾಟಿದ ಮೇಲೆ ಅದರ ಜೊತೆಗಿದ್ದ 'ಇಷ್ಟು ಹೆಚ್ಚು ಕಡಿಮೆ', 'ಈ ಮಾದರಿಗೆ ಮಾತ್ರ' ಎಂಬ ಮಾತುಗಳೆಲ್ಲ ಬಾಗಿಲಲ್ಲೇ ಉದುರಿಬೀಳುತ್ತವೆ ಎಂಬುದಷ್ಟೇ ನನ್ನ ಮಾತು.

ಮಾರ್ಗದರ್ಶಕರು ಹೇಳಿದಂತೆ, ಮಾನ್ಯತೆ ಪಡೆದ ಒಂದು ಖಾಸಗಿ ಪ್ರಯೋಗಾಲಯಕ್ಕೆ ನನ್ನ ಸ್ಟೈಪೆಂಡಿನಿಂದ ದುಡ್ಡು ಕಟ್ಟಿದೆ. ಅವರ ಹುಡುಗ ಒಂದು ಮಧ್ಯಾಹ್ನ ಬಂದು, ನಲ್ಲಿಯನ್ನು ಸಾಕಷ್ಟು ಹೊತ್ತು ಬಿಟ್ಟು, ನೀರು ಹಿಡಿದುಕೊಂಡು ಹೋದ. ವಾರದ ನಂತರ ವರದಿ ಬಂತು. ಸೀಸದ ಮುಂದೆ 'ಪತ್ತೆಯಾಗಿಲ್ಲ' ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ: ಪತ್ತೆಮಿತಿ 0.01 ಮಿ.ಗ್ರಾಂ.

ಅಜ್ಜಿ ಜಗಲಿಯಲ್ಲಿ ಕಾಯುತ್ತಿದ್ದರು. "ಏನಂತೆ?"

"ಏನೂ ಇಲ್ಲ ಅಜ್ಜಿ, ನೀರು ಚೆನ್ನಾಗಿದೆ" ಎಂದೆ.

ಅವರು ಆ ಕಾಗದವನ್ನು ಎರಡು ಕೈಯಲ್ಲಿ ತೆಗೆದುಕೊಂಡು ಹೋಗಿ ದೇವರ ಪಟದ ಹಿಂದೆ ಸಿಕ್ಕಿಸಿಟ್ಟರು.

ನಾನು ಸುಳ್ಳು ಹೇಳಿದೆನೇ? ವರದಿ ಸುಳ್ಳಲ್ಲ. ನನ್ನ ಆ 6 ಮೈಕ್ರೋಗ್ರಾಂ ನಿಜವೇ ಆಗಿದ್ದರೂ ಅದು ಕಾನೂನಿನ ಮಿತಿಯೊಳಗೇ ಇತ್ತು. ಯಾವ ಕೋರ್ಟಿನಲ್ಲೂ ನನ್ನನ್ನು ಯಾರೂ ಹಿಡಿಯಲಾರರು. ಆದರೂ ಆ ರಾತ್ರಿ ಕೆಳಗಿನ ಮನೆಯಲ್ಲಿ ಮಗು ಅಳುವುದು ಕೇಳಿದಾಗೆಲ್ಲ ನನಗೆ ಆ ಕಾಗದ ನೆನಪಾಗುತ್ತಿತ್ತು.

ಬಿಎಸ್ಸಿಯಲ್ಲಿದ್ದಾಗ ಸ್ನೇಹಿತನೊಬ್ಬ ಓದಲು ಕೊಟ್ಟ ಪುಸ್ತಕವೊಂದು ಆಗ ಸಹಾಯಕ್ಕೆ ಬಂತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರ 'ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ', 1932ರದು. ಅದರ ಮೂಲಕ ನನಗೆ ಮೊದಲು ಪರಿಚಯವಾದ ಮಾತು ಅನುಪಲಬ್ಧಿ. ಇರುವುದನ್ನು ಕಣ್ಣಿನಿಂದ ತಿಳಿಯುತ್ತೇವೆ. ಇಲ್ಲದ್ದನ್ನು ಹೇಗೆ ತಿಳಿಯುತ್ತೇವೆ? ನೆಲದ ಮೇಲೆ ಮಡಕೆ ಇಲ್ಲ ಎಂದು ನನಗೆ ಗೊತ್ತಾಗುವುದು ಯಾವುದರಿಂದ? ಕಣ್ಣಿಗೆ ಕಾಣುವುದು ಬರೀ ನೆಲ, 'ಇಲ್ಲದ ಮಡಕೆ' ಅಲ್ಲ. ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರು ಇದಕ್ಕೆಂದೇ ಪ್ರತ್ಯೇಕ ಪ್ರಮಾಣವೊಂದನ್ನು ಒಪ್ಪಿದರು: ಕಾಣದಿರುವುದೇ ಇಲ್ಲದಿರುವುದಕ್ಕೆ ಪ್ರಮಾಣ. ಅದ್ವೈತಿಗಳೂ ಇದನ್ನು ಒಪ್ಪಿಕೊಂಡರು. ಆದರೆ ಒಂದು ಷರತ್ತು ಇದೆ. ಅಲ್ಲಿ ಇದ್ದಿದ್ದರೆ ಖಂಡಿತ ಕಾಣುತ್ತಿತ್ತು ಎಂಬ ಯೋಗ್ಯತೆ ಇರಬೇಕು. ಅದು ಯೋಗ್ಯಾನುಪಲಬ್ಧಿ. ಹಗಲು ಬೆಳಕಿನಲ್ಲಿ ಮಡಕೆ ಕಾಣದಿದ್ದರೆ ಮಡಕೆ ಇಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ? ಏನೂ ಗೊತ್ತಿಲ್ಲ, ಅಷ್ಟೇ.

ಇದಕ್ಕೊಂದು ಉದಾಹರಣೆ ನಮ್ಮೂರಿನಲ್ಲೇ ತಯಾರಾಗುತ್ತದೆ. ಕೆಸರೆಯಿಂದ ದೂರವೇನಲ್ಲದ ಬನ್ನಿಮಂಟಪದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ 1962ರ ಸಾರ್ವತ್ರಿಕ ಚುನಾವಣೆಯಿಂದ ಇಡೀ ದೇಶಕ್ಕೆ ಅಳಿಸಲಾಗದ ಶಾಯಿ ಒದಗಿಸುತ್ತಿದೆ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಬೆಳ್ಳಿಯ ಅಯಾನು ಚರ್ಮಕ್ಕೆ ಅಂಟಿ, ಬೆಳಕು ತಾಗಿದಾಗ ಕಪ್ಪಾಗುತ್ತದೆ. ಮತಗಟ್ಟೆಯಲ್ಲಿ ಅಧಿಕಾರಿ ನಿಮ್ಮ ಎಡಗೈ ತೋರುಬೆರಳನ್ನು ನೋಡಿ ಗುರುತು ಇಲ್ಲ, ಆದ್ದರಿಂದ ಇವರು ಇನ್ನೂ ಮತ ಹಾಕಿಲ್ಲ ಎಂದು ತೀರ್ಮಾನಿಸುತ್ತಾರೆ. ಹಾಗೆ 'ಇಲ್ಲ' ಎನ್ನುವ ಅಧಿಕಾರ ಅವರಿಗೆ ಬಂದದ್ದು ಆ ಶಾಯಿಯ ಗುಣದಿಂದ. ಹಚ್ಚಿದ್ದರೆ ಖಂಡಿತ ಕಾಣುತ್ತಿತ್ತು. ಸಂಜೆಯೊಳಗೆ ಮಾಸಿಹೋಗುವ ಶಾಯಿಯಾಗಿದ್ದರೆ, ಅದೇ ಖಾಲಿ ಬೆರಳಿನಿಂದ ಏನೂ ತಿಳಿಯುತ್ತಿರಲಿಲ್ಲ.

ಈ ಅಳತೆಗೋಲಿನಿಂದ ನನ್ನ ಮಾತನ್ನೇ ತೂಗಿ ನೋಡಿದೆ. 'ಏನೂ ಇಲ್ಲ' ಎಂಬ ಎರಡು ಪದಗಳಲ್ಲಿ ಮೂರು ತಪ್ಪು ಇದ್ದವು. ಮೊದಲನೆಯದು 'ಏನೂ'. ನಾವು ಹುಡುಕಿದ್ದು ಸೀಸ ಮತ್ತು ಇನ್ನು ಕೆಲವನ್ನು ಮಾತ್ರ. ಹುಡುಕದೇ ಇದ್ದದ್ದರ ಬಗ್ಗೆಯೂ ನಾನು ಭರವಸೆ ಕೊಟ್ಟುಬಿಟ್ಟಿದ್ದೆ. ಎರಡನೆಯದು 'ಇಲ್ಲ'. ಆ ಪ್ರಯೋಗಾಲಯದ ಪತ್ತೆಮಿತಿಯೂ ಕಾನೂನಿನ ಮಿತಿಯೂ ಒಂದೇ ಅಂಕಿ. ಅದರ ಕೆಳಗಿನ ಲೋಕ ಅವರ ಪಾಲಿಗೆ ಕತ್ತಲೆಯ ಕೋಣೆ. 9 ಮೈಕ್ರೋಗ್ರಾಂ ಇದ್ದರೂ, ಸೊನ್ನೆ ಇದ್ದರೂ ಅವರು ಬರೆಯುವ ಪದ ಒಂದೇ. ಮೂರನೆಯದು ನಾನು ಹೇಳದೇ ಉಳಿಸಿದ ಪದ, 'ಯಾವಾಗ' ಎಂಬುದು. ಪರೀಕ್ಷೆಯಾದದ್ದು ಮಧ್ಯಾಹ್ನದ ಹರಿಯುವ ನೀರು. ಮಗುವಿನ ಗಂಜಿಗೆ ಒಲೆಯ ಮೇಲೆ ಇಡುತ್ತಿದ್ದದ್ದು ಬೆಳಗಿನ ಮೊದಲ ನೀರು. ಕುದಿಸಿದರೆ ರೋಗಾಣು ಸಾಯುತ್ತವೆ. ಸೀಸ ಸಾಯುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆ.

ಹಾಗಾದರೆ ಮಿತಿಯೊಳಗಿದೆ ಎಂಬ ಸಮಾಧಾನ? ಮಿತಿಯೂ ಮನುಷ್ಯರ ತೀರ್ಮಾನವೇ. 1991ರ ಭಾರತೀಯ ಮಾನದಂಡದಲ್ಲಿ ಸೀಸಕ್ಕೆ ಇದ್ದ ಮಿತಿ 0.05, ಇಂದಿನ ಐದರಷ್ಟು. ಅಮೆರಿಕದಲ್ಲಿ ಮಕ್ಕಳ ರಕ್ತದ ಪ್ರತಿ ಡೆಸಿಲೀಟರಿಗೆ ಇಷ್ಟು ಮೈಕ್ರೋಗ್ರಾಂ ಸೀಸ ಇದ್ದರೆ ಚಿಂತಿಸಬೇಕು ಎಂದು ಹೇಳುತ್ತ ಬಂದ ಅಂಕಿ 1960ರ ದಶಕದಲ್ಲಿ 60 ಇತ್ತು. 1985ರಲ್ಲಿ 25 ಆಯಿತು, 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. ಸೀಸ ಬದಲಾಗಲಿಲ್ಲ, ಮಕ್ಕಳ ಮಿದುಳೂ ಬದಲಾಗಲಿಲ್ಲ. ನೋಡುವ ಶಕ್ತಿ ಹೆಚ್ಚಿದಂತೆಲ್ಲ ಹಿಂದೆ 'ಪರವಾಗಿಲ್ಲ' ಎಂದಿದ್ದ ಜಾಗದಲ್ಲಿ ಹಾನಿ ಕಾಣಿಸತೊಡಗಿತು. ಇವತ್ತು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ರಕ್ತದಲ್ಲಿ ಸೀಸದ ಸುರಕ್ಷಿತ ಮಟ್ಟ ಎಂದು ಗೊತ್ತಿರುವುದು ಯಾವುದೂ ಇಲ್ಲ ಎಂದು. ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುವುದು ಮಕ್ಕಳು.

ಹಾಗೆಂದು ಕಂಡದ್ದನ್ನೆಲ್ಲ ಕೂಗಿ ಹೇಳುವುದೇ ಪ್ರಾಮಾಣಿಕತೆಯೇ? ಅದೂ ಅಲ್ಲ. ಪೆಟ್ಟಿಗೆಯ ಕತ್ತಲೆಯನ್ನು ಇನ್ನಷ್ಟು ಕತ್ತಲೆ ಮಾಡುತ್ತ ಹೋದರೆ ಪ್ರತಿ ಲೋಟದಲ್ಲೂ, ಪ್ರತಿ ಮಳೆಹನಿಯಲ್ಲೂ ಏನಾದರೂ ಮಿನುಗುತ್ತದೆ. ಪ್ರಾಯಶಃ ಯಾವ ನೀರಿನಲ್ಲೂ ಯಾವ ಲೋಹವೂ ನಿಜವಾಗಿ ಸೊನ್ನೆ ಇರಲಾರದು. ಆಗ 'ಇದೆ' ಎಂಬ ಮಾತೂ 'ಇಲ್ಲ' ಎಂಬ ಮಾತಿನಷ್ಟೇ ಪೊಳ್ಳಾಗುತ್ತದೆ. ಫಿಲ್ಟರ್ ಹುಡುಗ ಬದುಕುವುದೇ ಆ ಪೊಳ್ಳಿನಲ್ಲಿ. ನಾನು ಬದುಕಿದ್ದು ಇನ್ನೊಂದು ಪೊಳ್ಳಿನಲ್ಲಿ. ಅವನು ಹೆದರಿಸಿ ವಸ್ತು ಮಾರಿದ, ನಾನು ನೆಮ್ಮದಿ ಹಂಚಿ ಒಳ್ಳೆಯ ಹೆಸರು ತೆಗೆದುಕೊಂಡೆ. ಇಬ್ಬರೂ ವಿದ್ಯುದ್ವಾರದ ಮುಂದೆ ನಿಂತು, ಅದು ಹೇಳದ ಮಾತನ್ನು ಅದರ ಬಾಯಿಗೆ ತುರುಕಿದವರೇ.

ನನಗೆ ದಾರಿ ತೋರಿದ್ದು ಮಾರ್ಗದರ್ಶಕರ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳಿಕೊಂಡದ್ದು. 'ನಿನಗೆ ಎಷ್ಟು ಖಚಿತ?' ಎಂಬುದು ಅವರ ಪ್ರಶ್ನೆ. ಅದರ ಪಕ್ಕದಲ್ಲಿ ಇನ್ನೊಂದನ್ನು ಇಡಬೇಕು: 'ನಿನ್ನ ಮಾತು ಕೇಳಿ ಅವರು ಏನು ಮಾಡಬೇಕಾಗುತ್ತದೆ?' ಮನೆ ಬಿಡಿ, ಪೈಪೆಲ್ಲ ಕಿತ್ತುಹಾಕಿ, ಹದಿನೈದು ಸಾವಿರದ ಯಂತ್ರ ಕೊಳ್ಳಿ ಎಂದು ಹೇಳುವುದಾದರೆ ನನಗೆ ಕಲ್ಲಿನಂಥ ಪುರಾವೆ ಬೇಕು. ಸಾಲ ಮಾಡಿಸುವ ಮಾತಿಗೆ ಮೂರು ಸಲ ಅಳೆದ ಬೆಳಕು ಸಾಲದು. ಆದರೆ ಸೀಸದ ವಿಷಯದಲ್ಲಿ ಎಲ್ಲರೂ ಒಪ್ಪಿದ ಮೊದಲ ಪರಿಹಾರ ತುಂಬಾ ಅಗ್ಗದ್ದು: ರಾತ್ರಿ ನಿಂತ ನೀರನ್ನು ಬೆಳಿಗ್ಗೆ ಹರಿಯಬಿಟ್ಟು, ಆಮೇಲೆ ಬಂದದ್ದನ್ನು ಕುಡಿಯಲು ಹಿಡಿಯುವುದು. ಖರ್ಚು ಒಂದೆರಡು ಬಿಂದಿಗೆ ನೀರು. ಇಷ್ಟು ಹಗುರವಾದ ಕೆಲಸಕ್ಕೆ ಅಷ್ಟೇ ಹಗುರವಾದ ಪುರಾವೆ ಸಾಕು. ಅನುಮಾನವನ್ನು ಖಚಿತ ಜ್ಞಾನವೆಂದು ಮಾರುವುದು ತಪ್ಪು. ಅನುಮಾನವನ್ನು ಅನುಮಾನವೆಂದೇ ಹೇಳಿ ಒಪ್ಪಿಸುವುದು ತಪ್ಪಲ್ಲ. ಅದನ್ನು ನುಂಗಿಕೊಂಡು ಕೂರುವಾಗ ಆ ಮನೆಯವರ ಪರವಾಗಿ ನಾನೇ ತೀರ್ಮಾನ ಮಾಡಿಬಿಟ್ಟಿರುತ್ತೇನೆ, ಅವರನ್ನು ಕೇಳದೆ.

ಇದನ್ನು ಮಾರ್ಗದರ್ಶಕರಿಗೂ ಹೇಳಿದೆ. "ಅಂಕಿ ಹೇಳಬೇಡ, ಆದರೆ ನಿನಗೆ ಏನು ಗೊತ್ತಿಲ್ಲ ಅನ್ನೋದನ್ನ ಬಿಡದೆ ಹೇಳು" ಎಂದರು. ಅದು ಸರಿ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಅಜ್ಜಿ ಹೂ ಕಟ್ಟುತ್ತ ಕೂತಿದ್ದರು. ಪಕ್ಕದಲ್ಲಿ ಕೂತೆ. "ಅಜ್ಜಿ, ಅವತ್ತು ನಾನು ಹೇಳಿದ್ದರಲ್ಲಿ ಸ್ವಲ್ಪ ತಪ್ಪಿತ್ತು" ಎಂದು ಶುರುಮಾಡಿದೆ. ಆ ವರದಿ ಹರಿಯುವ ನೀರಿನದು, ಅವರು ನೋಡಬಲ್ಲಷ್ಟು ಆಳಕ್ಕೆ ಮಾತ್ರ ನೋಡಿದ್ದಾರೆ ಎಂದೆ. ನನ್ನ ಪೆಟ್ಟಿಗೆಯಲ್ಲಿ ಬೆಳಗಿನ ಮೊದಲ ನೀರಿಗೆ ಏನೋ ಒಂಚೂರು ಬೆಳಕು ಬಂತು, ಅದು ಸೀಸ ಇರಬಹುದು, ಇಲ್ಲದೆಯೂ ಇರಬಹುದು, ನನ್ನ ಪೆಟ್ಟಿಗೆ ಇನ್ನೂ ಕಲಿಯುತ್ತಿದೆ ಎಂದೆ. ಅವರು ಹೂವಿನಿಂದ ಕಣ್ಣೆತ್ತದೆ ಕೇಳಿದರು. "ಈಗೇನು ಮಾಡ್ಬೇಕು?" ಬೆಳಿಗ್ಗೆ ಐದು ನಿಮಿಷ ನಲ್ಲಿ ಬಿಟ್ಟು ಆಮೇಲೆ ಮಗುವಿಗೆ ಹಿಡಿಯಿರಿ, ಮೊದಲ ನೀರನ್ನು ಚೆಲ್ಲಬೇಕಿಲ್ಲ, ಹೂವಿನ ಗಿಡಕ್ಕೆ ಹಾಕಿ, ಸೊಪ್ಪಿನ ಮಡಿಗೆ ಮಾತ್ರ ಬೇಡ, ಯಾವಾಗಲಾದರೂ ನಲ್ಲಿ ಬದಲಾಯಿಸುವಾಗ ಹಳೆಯದನ್ನು ನನಗೆ ಕೊಡಿ ಎಂದೆ.

"ಅಷ್ಟೇ ತಾನೆ? ಇದನ್ನ ಅವತ್ತೇ ಹೇಳಕ್ಕೇನಾಗಿತ್ತು ನಿಂಗೆ?"

ಅವರಿಗೆ ಗಾಬರಿಯೂ ಆಗಲಿಲ್ಲ, ನನ್ನ ಪಶ್ಚಾತ್ತಾಪದ ಬಗ್ಗೆ ಕುತೂಹಲವೂ ಇರಲಿಲ್ಲ. ಜನ ಅನಿಶ್ಚಿತತೆಯನ್ನು ತಾಳಲಾರರು, ಅವರಿಗೆ 'ಹೌದು' 'ಇಲ್ಲ' ಎಂಬ ಉತ್ತರವೇ ಬೇಕು ಎಂದು ನಾವು ಓದಿದವರು ಹೇಳಿಕೊಳ್ಳುತ್ತೇವೆ. ಮಳೆ ಬರಬಹುದು, ಬಾರದೆಯೂ ಇರಬಹುದು ಎಂದುಕೊಂಡೇ ಬಿತ್ತಿ ಬದುಕಿದ ಮನೆತನದ ಅಜ್ಜಿಗೆ 'ಇರಬಹುದು' ಎಂಬ ಪದ ಹೊಸದಾಗಿರಲಿಲ್ಲ. ಅದನ್ನು ಆಡಲು ಹಿಂಜರಿದವನು ನಾನು.

ಈಗ ಪ್ರಬಂಧದ ಮೂರನೆಯ ಅಧ್ಯಾಯ ಬರೆಯುತ್ತಿದ್ದೇನೆ. ಅದರಲ್ಲಿ ಮಾದರಿಗಳ ದೊಡ್ಡ ಪಟ್ಟಿಯೊಂದಿದೆ. 'ಪತ್ತೆಯಾಗಿಲ್ಲ' ಎಂದು ಬರೆದ ಕಡೆಯಲ್ಲೆಲ್ಲ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ನನ್ನ ಕಣ್ಣು ಎಲ್ಲಿಯವರೆಗೆ ಹೋಯಿತು ಎಂಬ ಅಂಕಿಯನ್ನೂ ಬರೆದಿದ್ದೇನೆ. ನೋಡಲು ಪಟ್ಟಿ ಸ್ವಲ್ಪ ಒಡ್ಡೊಡ್ಡಾಗಿ ಕಾಣುತ್ತದೆ.

ಬೆಳಿಗ್ಗೆ ಆರಕ್ಕೆ ಕೆಳಗಿನ ನಲ್ಲಿ ಬಿಟ್ಟ ಸದ್ದು ಕೇಳುತ್ತದೆ. ಮೊದಲ ಬಿಂದಿಗೆ ದಾಸವಾಳದ ಬುಡಕ್ಕೆ. ಗಿಡ ಚೆನ್ನಾಗಿಯೇ ಇದೆ. ಬುಡದ ಮಣ್ಣನ್ನು ನಾನಿನ್ನೂ ಪರೀಕ್ಷಿಸಿಲ್ಲ.